ಓಗೊಡದ ಮಗ

ಸಂತೆ ಮುಗಿಸಿಕೊಂಡು ಸುರೇಖಾ ಮಗಳು ಅಂಜಲಿಯ ಜೊತೆ ಮನೆ ಮುಟ್ಟಿದಾಗ ಗಂಡ ಗುರುಬಸವ ಅಂಗಳದಲ್ಲಿ ಗೋಣಿತಟ್ಟು ಹಾಸಿಕೊಂಡು ಶೇಂಗಾ ಆರಿಸುತ್ತ ಕೂತಿದ್ದ. ಬೆನ್ನು ಮನೆಯ ಕಡೆಗಿತ್ತು, ಮುಖ ಬೀದಿಯ ಕಡೆಗೆ. ಹೆಂಡತಿ ಮಗಳನ್ನು ಕಂಡವನೇ ನಕ್ಕು, ಚೀಲ ಇಸಿದುಕೊಳ್ಳಲು ಎದ್ದ. ಸುರೇಖಾ ಹೊಸ್ತಿಲು ದಾಟಿದ್ದಳಷ್ಟೆ, ಹಿತ್ತಲ ಕಡೆಯ ಜಳಕದ ಮನೆಯಿಂದ ಯಾರೋ ನರಳುವ ದನಿ ಕೇಳಿತು.

ಅತ್ತೆ ಪಂಪಮ್ಮ ಒದ್ದೆ ಕಲ್ಲಿನ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ಬಲಗೈ ಮೈಯ ಕೆಳಗೆ ಸಿಕ್ಕಿಕೊಂಡಿತ್ತು. ಹಂಡೆಯ ಕೆಳಗಿನ ಬೆಂಕಿ ಆರಿ ಬೂದಿಯಾಗಿತ್ತು, ಸೀರೆ ಮೈಗೆ ಅಂಟಿಕೊಂಡು ಮುದುಕಿ ಗಡಗಡ ನಡುಗುತ್ತಿದ್ದಳು. ಬಾಗಿಲು ಅರ್ಧ ತೆರೆದಿತ್ತು. ಅವಳು ಬಿದ್ದಲ್ಲಿಂದ ನೋಡಿದರೆ ನಡುಮನೆ ದಾಟಿ ನೆಟ್ಟಗೆ ಅಂಗಳ ಕಾಣುತ್ತಿತ್ತು.

“ಆಗಿನಿಂದ ಒದರಾಕ ಹತ್ತೀನಿ,” ಅಂದಳು ಪಂಪಮ್ಮ. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. “ಅಲ್ಲೇ ಕುಂತಾನ. ಹೊಳ್ಳಿ ಸೈತ ನೋಡ್ಲಿಲ್ಲ.”

ಸುರೇಖಾ ತಿರುಗಿ ನೋಡಿದಳು. ಚೀಲ ಹಿಡಿದುಕೊಂಡು ಒಳಗೆ ಬಂದ ಗುರುಬಸವನ ಕಣ್ಣಿಗೆ ಆಗಷ್ಟೇ ತಾಯಿ ಬಿದ್ದಳು. ಕೈಯಿಂದ ಚೀಲ ಜಾರಿತು, ಬದನೆಕಾಯಿ ನೆಲದ ತುಂಬ ಉರುಳಿದವು. ಅವನೇ ಓಡಿಬಂದು ಅವ್ವನನ್ನು ಎತ್ತಿಕೊಂಡ, ಅವನೇ ಬೀದಿಗೆ ಹೋಗಿ ಆಟೋ ನಿಲ್ಲಿಸಿದ. ಆಸ್ಪತ್ರೆಯ ಒಳಗೂ ಅವನೇ ಅವಳನ್ನು ಎತ್ತಿಕೊಂಡು ಹೋದ.

ಮಣಿಕಟ್ಟಿನ ಎಲುಬು ಮುರಿದಿತ್ತು. ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದರೆ ಕುಷ್ಟಗಿಯ ಆ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ನೆರೆದಿದ್ದರು. ಹೇಗೆ ಬಿದ್ದೆ, ಮನೆಯಲ್ಲಿ ಯಾರೂ ಇರಲಿಲ್ಲವೇ ಎಂದು ಒಬ್ಬೊಬ್ಬರಾಗಿ ಕೇಳಿದರು. ಪಂಪಮ್ಮ ಮುಚ್ಚಿಡಲಿಲ್ಲ. ಮಗ ಮನೆಯಲ್ಲೇ ಇದ್ದ, ಕಣ್ಣೆದುರಿಗೇ ಕೂತಿದ್ದ, ತಾನು ಹೆಸರು ಹಿಡಿದು ಕರೆದರೂ ಏಳಲಿಲ್ಲ ಎಂದಳು.

ಎಲ್ಲರೂ ಗುರುಬಸವನ ಕಡೆ ನೋಡಿದರು. ಅವನು ಒಬ್ಬೊಬ್ಬರ ಮುಖವನ್ನೂ ಒಂದು ಸಲ ನೋಡಿದ. ಕೇಳಿಸಲಿಲ್ಲ ಅನ್ನಲಿ ಎಂದು ಸುರೇಖಾ ಮನಸ್ಸಿನೊಳಗೇ ಬೇಡಿಕೊಂಡಳು. ಸುಳ್ಳೇ ಆಗಲಿ, ಆ ಒಂದು ಮಾತು ಸಾಕಿತ್ತು.

“ದಿನಾ ಏನಾರ ಒಂದಕ್ಕ ಕರೀತಿರ್ತಾಳ,” ಅಂದ ಗುರುಬಸವ. “ಇವತ್ತೂ ಹಂಗ ಇರಬೇಕು ಅಂತ ಸುಮ್ನ ಕುಂತಿದ್ದೆ.”

ಪಂಪಮ್ಮ ಪಟ್ಟಿ ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಹೆಂಗಸರು ಸೆರಗು ಸರಿಪಡಿಸಿಕೊಳ್ಳುತ್ತ ಎದ್ದು ಹೋದರು. ಮದುವೆಯಾದಾಗಿನಿಂದ ಒಂದು ದಿನವೂ ತಾಯಿಗೆ ಎದುರುತ್ತರ ಕೊಡದವನು, ಊರಿಗೆ ಬಂದಾಗಲೆಲ್ಲ ಮೊದಲು ಅವಳ ಕಾಲಿಗೆ ಎಣ್ಣೆ ತಿಕ್ಕಿ ಆಮೇಲೆ ಊಟಕ್ಕೆ ಕೂರುವವನು, ಹೀಗೆ ಅಂದನಲ್ಲ ಎಂದು ಸುರೇಖಾ ಒಲೆಯ ಮುಂದೆ ಕಲ್ಲಾಗಿ ಕೂತಳು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದರೂ ಅವಳಿಗೆ ಎಚ್ಚರವಾಗಲಿಲ್ಲ.

ಗುರುಬಸವ ರಸ್ತೆ ಕಂಪನಿಯೊಂದರಲ್ಲಿ ಮಿಲ್ಲಿಂಗ್ ಮಷಿನ್ ಓಡಿಸುವವನು. ಹೊಸ ಡಾಂಬರು ಹಾಕುವ ಮುಂಚೆ ಹಳೆಯದನ್ನು ಕೆರೆದು ತೆಗೆಯುವ ಯಂತ್ರ ಅದು. ಅದರ ಹೊಟ್ಟೆಯೊಳಗೆ ಉಕ್ಕಿನ ಹಲ್ಲುಗಳಿರುವ ದೊಡ್ಡ ಉರುಳೆಯೊಂದು ತಿರುಗುತ್ತ ರಸ್ತೆಯನ್ನು ಸುಲಿಯುತ್ತದೆ. ಸುಲಿದ ಚೂರು ಬೆಲ್ಟಿನ ಮೇಲೆ ಹತ್ತಿ ಮುಂದಿನ ಟಿಪ್ಪರಿಗೆ ಬೀಳುತ್ತದೆ. ಈಗ ಕೆಲಸ ಗಂಗಾವತಿಯ ಆಚೆ, ಶ್ರೀರಾಮನಗರದ ರಸ್ತೆಯಲ್ಲಿ ನಡೆದಿತ್ತು. ಅಕ್ಕಿ ಗಿರಣಿಗಳ ಲಾರಿ ಓಡಾಡಿ ಆ ರಸ್ತೆ ಗಾಲಿಯ ಜಾಡಿಗೆ ತಗ್ಗುಬಿದ್ದಿತ್ತು. ಗುರುಬಸವ ಅಲ್ಲೇ ಕ್ಯಾಂಪಿನಲ್ಲಿದ್ದು ರಜೆಯ ದಿನ ಮಾತ್ರ ಮನೆಗೆ ಬರುತ್ತಿದ್ದ.

ಮುಂದಿನ ರಜೆಗೆ ಬಂದವನು ಕೈಕಾಲು ತೊಳೆದುಕೊಂಡು, ತಾನೇ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಾಯಿಯ ಮುಂದೆ ಕೂತ. ಪಂಪಮ್ಮ ಬಾಯಿ ತೆರೆಯಲಿಲ್ಲ. ಅವನು ತುತ್ತು ಹಿಡಿದ ಕೈಯನ್ನು ಹಾಗೇ ಚಾಚಿಕೊಂಡು ಬಹಳ ಹೊತ್ತು ಕೂತ. ಆಮೇಲೆ ತಾಟನ್ನು ಸುರೇಖಾಳ ಕೈಗೆ ಕೊಟ್ಟು ಹೊರಗೆ ಹೋದ. ಸೊಸೆ ಕೊಟ್ಟರೆ ಮುದುಕಿ ತಿಂದಳು.

ಆ ಮನೆಯಲ್ಲಿ ಅವನ ಜೊತೆ ಮಾತು ನಿಂತೇಹೋಯಿತು. ಅಂಜಲಿ ಕಾಲೇಜಿನಿಂದ ಬಂದರೆ ಅಪ್ಪ ಇರುವ ಕೋಣೆಗೆ ಕಾಲಿಡುತ್ತಿರಲಿಲ್ಲ. ಮೊದಲಿನಿಂದಲೂ ಅವರಿಬ್ಬರಿಗೆ ಟಿವಿಯ ಜಗಳವಿತ್ತು. ಅವನು ದನಿ ಏರಿಸುತ್ತಿದ್ದ, ಅವಳು ಓದಬೇಕು ಎಂದು ಇಳಿಸುತ್ತಿದ್ದಳು. ಈಗ ಅವಳು ಇಳಿಸುವುದನ್ನೂ ಬಿಟ್ಟು, ಪುಸ್ತಕ ಎತ್ತಿಕೊಂಡು ಪಕ್ಕದ ಮನೆಗೆ ಹೋಗುತ್ತಿದ್ದಳು. ಒಂದು ದಿನ ಅವನು ಉಣ್ಣುತ್ತ ಕೂತಿದ್ದಾಗ ಅವನ ಬೆನ್ನ ಹಿಂದೆ ಪಾತ್ರೆ ಒರೆಸುತ್ತಿದ್ದ ಹುಡುಗಿ, “ಇಂಥಾ ಅಪ್ಪ ಇರೋದಕ್ಕಿಂತ ಇಲ್ಲದಿದ್ರನ ಛಲೋ ಇತ್ತು,” ಅಂದುಬಿಟ್ಟಳು. ಮೆಲ್ಲಗೆ ಅಂದಿದ್ದಲ್ಲ. ಸುರೇಖಾ ಬೆಚ್ಚಿ ಗಂಡನ ಮುಖ ನೋಡಿದಳು. ಅವನು ತಲೆ ಎತ್ತದೆ, ಶೇಂಗಾ ಚಟ್ನಿ ಇನ್ನಷ್ಟು ಇದ್ದರೆ ಹಾಕು ಎಂದು ತಾಟು ಮುಂದೆ ಮಾಡಿದ. ಹೆತ್ತ ಮಗಳು ಅಂಥ ಮಾತಾಡಿದರೂ ಚಟ್ನಿ ಕೇಳುವಷ್ಟು ದಪ್ಪ ಚರ್ಮ ಇವನಿಗೆ ಯಾವಾಗ ಬಂತು ಎಂದು ಅವಳು ದಿಗಿಲುಬಿದ್ದಳು.

ಸುದ್ದಿ ಗಂಗಾವತಿಯ ಆಚೆಗಿನ ಮರಳಿ ಎಂಬ ಊರಿಗೆ ಮುಟ್ಟಿ, ಗುರುಬಸವನ ಅಕ್ಕ ವಿರೂಪಾಕ್ಷಮ್ಮ ಬಂದಳು. ಬಂದವಳು ತಮ್ಮನನ್ನು ಎದುರಿಗೆ ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈದಳು. ನಾಯಿ ಅತ್ತರೂ ಜನ ಎದ್ದು ನೋಡುತ್ತಾರೆ ಎಂದಳು. ಅವನು ಅವಳ ಮುಖವನ್ನೇ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡವನಂತೆ ನಿಂತ. ಅಂದೇ ಮಧ್ಯಾಹ್ನ ಅಕ್ಕ ತಾಯಿಯ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು ಅವಳನ್ನು ಮರಳಿಗೆ ಕರೆದುಕೊಂಡು ಹೋದಳು. ಬಸ್ಸು ಹೊರಟಾಗ ಗುರುಬಸವ ಕಿಟಕಿಯ ಪಕ್ಕ ಸ್ವಲ್ಪ ದೂರ ಓಡಿದ. ಪಂಪಮ್ಮ ತಲೆ ತಿರುಗಿಸಲಿಲ್ಲ.

ಎರಡು ಮೂರು ವಾರ ಕಳೆದ ಮೇಲೆ ವಿರೂಪಾಕ್ಷಮ್ಮ ಫೋನು ಮಾಡಿದಳು. ಮೂರು ಹೊತ್ತೂ ಅನ್ನವೇ ಆಗಿ ಅವ್ವನಿಗೆ ಒಗ್ಗುತ್ತಿಲ್ಲ, ರೊಟ್ಟಿ ರೊಟ್ಟಿ ಎಂದು ಹಂಬಲಿಸುತ್ತಾಳೆ, ತನಗೆ ಈಗ ಬಡಿಯಲು ಬರುವುದಿಲ್ಲ ಎಂದಳು. ಸುರೇಖಾ ತೆಳ್ಳಗೆ ಖಡಕ್ ರೊಟ್ಟಿ ಬಡಿದು, ಅಗಸಿ ಚಟ್ನಿ ಕುಟ್ಟಿ, ಬದನೆಕಾಯಿಯ ಎಣಗಾಯಿ ಮಾಡಿ ಕಟ್ಟಿಕೊಂಡು ತಾವರಗೇರಾ ಮೇಲೆ ಹೋಗುವ ಬಸ್ಸು ಹತ್ತಿದಳು. ಗಂಗಾವತಿಯಲ್ಲಿ ಬಸ್ಸು ಬದಲಿಸಿದಳು. ಮರಳಿ ಇನ್ನೂ ದೂರ ಇರುವಾಗಲೇ ಬಸ್ಸು ನಿಂತಿತು. ಮುಂದೆ ರಸ್ತೆ ಕೆಲಸ, ಒಂದೇ ಬದಿಯಿಂದ ಬಿಡುತ್ತಿದ್ದಾರೆ, ಹೊತ್ತಾಗುತ್ತದೆ ಎಂದ ಕಂಡಕ್ಟರ್. ಅದು ಗಂಡನ ಕೆಲಸವೇ ಎಂದು ಅವಳಿಗೆ ಹೊಳೆಯಿತು. ಇಷ್ಟು ವರ್ಷದಲ್ಲಿ ಅವನು ಯಂತ್ರದ ಮೇಲಿರುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಗಂಟು ಹಿಡಿದು ಇಳಿದಳು.

ದೂಳು, ಹೊಗೆ, ಕಿವಿ ಹರಿಯುವಂಥ ಸದ್ದು. ಎರಡೂ ಕಡೆ ಭತ್ತದ ಗದ್ದೆ ಹಸಿರಾಗಿ ಮಲಗಿದ್ದರೆ ನಡುವೆ ಈ ಯಂತ್ರ ರಸ್ತೆಯ ಕಪ್ಪು ಸುಲಿಯುತ್ತ ತೆವಳುತ್ತಿತ್ತು. ಮೇಲೆ, ನೆರಳಿನ ತಗಡಿನ ಕೆಳಗೆ ಗುರುಬಸವ ನಿಂತಿದ್ದ. ಅವನ ಎಡ ಮುಂಗೈಗೆ ಒಂದು ಹಗ್ಗ ಕಟ್ಟಿತ್ತು. ಹಗ್ಗದ ಇನ್ನೊಂದು ತುದಿ ಕೆಳಗೆ ಪಕ್ಕದಲ್ಲಿ ನಡೆಯುತ್ತಿದ್ದ ಮರ್ದಾನಸಾಬನ ಕೈಯಲ್ಲಿತ್ತು. ಮರ್ದಾನಸಾಬ ಎಷ್ಟೋ ವರ್ಷದಿಂದ ಅವನ ಜೊತೆಗಾರ. ಉರುಳೆ ಎಷ್ಟು ಆಳ ಇಳಿದಿದೆ, ಅಡ್ಡ ಏನು ಬಂತು ಎಂದು ನೋಡಿ ಹೇಳುವ ಕೆಲಸ ಅವನದು. ಅವನು ಹಗ್ಗ ಎಳೆದರೆ ಯಂತ್ರ ನಿಲ್ಲುತ್ತಿತ್ತು. ಮತ್ತೆ ಎಳೆದರೆ ಹೊರಡುತ್ತಿತ್ತು. ತನ್ನ ಗಂಡನನ್ನು ಎತ್ತಿನ ಹಾಗೆ ಹಗ್ಗ ಹಿಡಿದು ಯಾಕೆ ನಡೆಸುತ್ತಿದ್ದಾರೆ ಎಂದು ಸುರೇಖಾ ರಸ್ತೆಯ ಅಂಚಿನಲ್ಲೇ ನಿಂತಳು.

ಟಿಪ್ಪರು ತುಂಬಿತು. ಬೇರೆ ಟಿಪ್ಪರಿಗೆ ಸನ್ನೆ ಮಾಡಲು ಮರ್ದಾನಸಾಬ ಹಗ್ಗದ ತುದಿಯನ್ನು ಕೊಂಡಿಗೆ ಸಿಕ್ಕಿಸಿ ಮುಂದಕ್ಕೆ ಹೋದ. ಗುರುಬಸವ ಉರುಳೆ ಮೇಲೆತ್ತಿ, ರಸ್ತೆಯ ಪಕ್ಕದ ಪಟ್ಟಿ ಸುಲಿಯಲು ಯಂತ್ರವನ್ನು ಹಿಂದಕ್ಕೆ ಬಿಟ್ಟ. ಅವನ ಕಣ್ಣು ಬಲಗಡೆಯ ಅಂಚಿನ ಮೇಲಿತ್ತು. ಎಡಗಡೆ, ಯಂತ್ರದ ಹಿಂದೆ, ಕಸ ಗುಡಿಸುವ ಫಕೀರಮ್ಮ ಬುಟ್ಟಿ ಇಟ್ಟುಕೊಂಡು ಬಗ್ಗಿ ಚೂರು ಬಳಿಯುತ್ತಿದ್ದಳು.

ಮೊದಲು ಕೂಗಿದವನು ಬಾವುಟ ಹಿಡಿದ ಆಳು. ಆಮೇಲೆ ಟಿಪ್ಪರಿನ ಡ್ರೈವರ್, ಬಸ್ಸಿನ ಕಿಟಕಿಯಲ್ಲಿದ್ದ ಜನ, ಎಲ್ಲರೂ ಕೂಗಿದರು. ಸುರೇಖಾಳೂ ಕೂಗಿದಳು, ಗಂಡನ ಹೆಸರು ಹಿಡಿದು. ಬಾವುಟದವನಿಗೂ ಅವನಿಗೂ ನಡುವೆ ಒಂದು ಎತ್ತಿನ ಬಂಡಿಯಷ್ಟು ದೂರವಿರಲಿಲ್ಲ. ಗುರುಬಸವ ಅಂಚನ್ನೇ ನೋಡುತ್ತಿದ್ದ. ಫಕೀರಮ್ಮ ತಿರುಗಿ ನೋಡಿ, ಏಳಲು ಹೋಗಿ, ಹಿಂದಕ್ಕೆ ಬಿದ್ದಳು. ಮರ್ದಾನಸಾಬ ಓಡಿಬಂದು ಯಂತ್ರದ ಪಕ್ಕೆಯಲ್ಲಿದ್ದ ಕೆಂಪು ಗುಂಡಿಗೆ ಅಂಗೈಯಿಂದ ಗುದ್ದಿದ.

ಸದ್ದು ನಿಂತಿತು. ಚೈನಿನ ಗಾಲಿಯ ಕೆಳಗೆ ಬುಟ್ಟಿ ಅಪ್ಪಚ್ಚಿಯಾಗಿತ್ತು. ಅದರ ಪಕ್ಕದಲ್ಲೇ ಫಕೀರಮ್ಮನ ಪಾದಗಳಿದ್ದವು. ಹೆಂಗಸರು ಅವಳನ್ನು ಎಳೆದುಕೊಂಡು ಹೋಗಿ ಗದ್ದೆಯ ಬದುವಿನ ಮೇಲೆ ಕೂರಿಸಿದರು. ನೀರು ಕೊಟ್ಟರೆ ಲೋಟ ಹಿಡಿಯಲಿಲ್ಲ, ಮಾತಾಡಿಸಿದರೆ ಮಾತಾಡಲಿಲ್ಲ, ತನ್ನ ಕಾಲುಗಳನ್ನೇ ನೋಡುತ್ತ ಕೂತಳು.

ಗುರುಬಸವ ಕೆಳಗಿಳಿದು ಅಪ್ಪಚ್ಚಿಯಾದ ಬುಟ್ಟಿಯನ್ನು ನೋಡಿ ಅಲ್ಲೇ ಕುಸಿದ.

ಸುರೇಖಾ ಮರ್ದಾನಸಾಬನ ಹತ್ತಿರ ಹೋದಳು. ಅವಳನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು. ಏನಿದು, ಇಷ್ಟು ಜನ ಕೂಗಿದರೂ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದಳು. ಅವನು ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡ.

“ಕಿವಿ ಹೋಗ್ಯಾವ ಯಕ್ಕಾ,” ಅಂದ. “ಒಂದು ಕಿವಿ ಮೊದಲ ಹೋಗಿತ್ತು. ಹೋದ ಬ್ಯಾಸಿಗಿಯಿಂದ ಇನ್ನೊಂದೂ ಇಲ್ಲ. ಮಾರಿ ನೋಡಿ ಮಾತು ತಿಳ್ಕೋತಾನ. ಹಗ್ಗ ನಾನ ಕಟ್ಟೀನಿ.”

ಅವಳು ನಂಬಲಿಲ್ಲ. ಮೊನ್ನೆ ಮೊನ್ನೆ ಎದುರಿಗೆ ಕೂತು ಉಪ್ಪು ಕಡಿಮೆ ಎಂದವನು, ಅಕ್ಕ ಬೈದದ್ದನ್ನೆಲ್ಲ ನಿಂತು ಕೇಳಿದವನು. ನೆಟ್ಟಗೆ ಗಂಡನ ಮುಂದೆ ಹೋಗಿ ನಿಂತಳು. ಅವನು ತಲೆ ಎತ್ತಿ, ನೀ ಯಾವಾಗ ಬಂದೆ ಅಂದ. ಅವ್ವನಿಗೆ ರೊಟ್ಟಿ ಕೊಡಲು ಹೊರಟಿದ್ದೆ ಅಂದಳು. ಅವನು ತಲೆಯಾಡಿಸಿದ. ಅವಳು ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು, ಅಳು ತಡೆಯುವವಳಂತೆ. ಮತ್ತು ಸೆರಗಿನ ಹಿಂದಿನಿಂದ, ಗಟ್ಟಿಯಾಗಿಯೇ ಹೇಳಿದಳು:

“ನಿಮ್ಮವ್ವ ತೀರಿಕೊಂಡಾಳ.”

ಗುರುಬಸವ ಅವಳ ಕಣ್ಣು ನೋಡಿದ, ಸೆರಗು ನೋಡಿದ. ಆಮೇಲೆ ಎಂದಿನ ಹಾಗೆ ತಲೆ ತೂಗಿ, “ಹೂಂ. ನೀ ಹೋಗಿರು, ನಾ ನಾಳಿ ಬರ್ತೀನಿ,” ಅಂದ.

ಸುರೇಖಾಳ ಕೈಯಿಂದ ಸೆರಗು ಬಿತ್ತು. ರೊಟ್ಟಿಯ ಗಂಟನ್ನು ರಸ್ತೆಯ ಮೇಲೆಯೇ ಇಟ್ಟು ಅವನ ಪಕ್ಕ ಕೂತುಬಿಟ್ಟಳು. ತನ್ನ ಗುಟ್ಟು ಸಿಕ್ಕಿಬಿದ್ದದ್ದು ಅವನಿಗೆ ಅವಳ ಮುಖದಿಂದಲೇ ತಿಳಿಯಿತು. ಆಗ ಅವನು ಮಾತಾಡಿದ. ಅಂಜಲಿಯ ಓದು ಮುಗಿಯುವ ತನಕ ಯಾರಿಗೂ ಗೊತ್ತಾಗಬಾರದು, ಕಿವಿ ಇಲ್ಲದವನನ್ನು ಒಂದು ದಿನವೂ ಮಷಿನಿನ ಮೇಲೆ ಇಟ್ಟುಕೊಳ್ಳುವುದಿಲ್ಲ ಎಂದ. ಚಿಕ್ಕಪ್ಪ ಗಾಳೆಪ್ಪನನ್ನು ನೆನಪಿಸಿದ. ಊರು ಅವನನ್ನು ಸಾಯುವ ತನಕ ಕೆಪ್ಪ ಗಾಳೆಪ್ಪ ಎಂದೇ ಕರೆದಿತ್ತು, ಹುಡುಗರು ಹಿಂದಿನಿಂದ ಕಲ್ಲೆಸೆದು ಅವನು ತಿರುಗುತ್ತಾನೋ ಇಲ್ಲವೋ ನೋಡುತ್ತಿದ್ದರು. ಪಂಪಮ್ಮನೂ ಉಣ್ಣಲು ಕೊಡುವಾಗ ಅವನನ್ನು ಅಣಕಿಸುತ್ತಿದ್ದಳು.

“ಅವ್ವನ ಮುಂದ ಕಟುಕ ಆದ್ರೂ ಆಗ್ತೀನಿ,” ಅಂದ. “ಕೆಪ್ಪ ಆಗಂಗಿಲ್ಲ. ಈ ರಸ್ತಾ ಮುಗಿಯೋ ಮಟ ಆದ್ರೂ ಬಾಯಿ ಬಿಡಬ್ಯಾಡ.”

ಸುರೇಖಾ ಬದುವಿನ ಮೇಲೆ ಕೂತಿದ್ದ ಫಕೀರಮ್ಮನ ಕಡೆ ಕೈ ತೋರಿಸಿದಳು. ಅವನು ಆ ಕಡೆ ನೋಡಲಿಲ್ಲ.

ಮರಳಿಯಲ್ಲಿ ಪಂಪಮ್ಮ ರೊಟ್ಟಿಯ ಗಂಟು ಬಿಚ್ಚಿ ಮೂಸಿ ನೋಡಿದಳು. ಎಡಗೈಯಲ್ಲಿ ಮುರಿದುಕೊಂಡು ತಿನ್ನಲು ಶುರು ಮಾಡಿದಳು. ಮಗನ ಹೆಸರೆತ್ತಲಿಲ್ಲ. ಸುರೇಖಾ ಇಡೀ ದಾರಿ ಹೇಳಲೋ ಬೇಡವೋ ಎಂದು ಒದ್ದಾಡಿಕೊಂಡು ಬಂದಿದ್ದಳು. ಆದರೆ ಅತ್ತೆಯ ಎದುರು ಕೂತ ಮೇಲೆ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಹಗ್ಗ, ಫಕೀರಮ್ಮ, ಸೆರಗು, ತಾನು ಆಡಿದ ಕೆಟ್ಟ ಮಾತು, ಎಲ್ಲವನ್ನೂ ಹೇಳಿದಳು.

ಪಂಪಮ್ಮನ ಬಾಯಲ್ಲಿದ್ದ ತುತ್ತು ಹಾಗೇ ನಿಂತಿತು. ವಿರೂಪಾಕ್ಷಮ್ಮ ಬಾಗಿಲಲ್ಲಿ ನಿಂತವಳು ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು.

“ನಾ ಒದರಿದ್ದು ಅವಗ ಕೇಳಿಲ್ಲೇನು?” ಅಂದಳು ಮುದುಕಿ ಕೊನೆಗೆ.

“ಇಲ್ಲರಿ ಅತ್ತಿ.”

“ಒಂದೂ ಕೇಳಿಲ್ಲ?”

“ಇಲ್ಲರಿ.”

ಪಂಪಮ್ಮ ಎಡಗೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಮಗ ತನ್ನನ್ನು ಬಿಟ್ಟಿರಲಿಲ್ಲ ಎಂಬ ಸಮಾಧಾನದ ಅಳು ಅದು ಎಂದು ಸುರೇಖಾ ಅಂದುಕೊಂಡಳು. ಹೊತ್ತು ಕಳೆದ ಮೇಲೆ ಮುದುಕಿ ಕಣ್ಣೊರೆಸಿಕೊಂಡು ಆ ಗುಡಿಸುವ ಹೆಣ್ಣುಮಗಳಿಗೆ ಮಕ್ಕಳಿದ್ದಾರೆಯೇ ಎಂದು ಕೇಳಿದಳು. ಗೊತ್ತಿಲ್ಲ ಎಂದಳು ಸುರೇಖಾ.

“ನಾ ಕಲ್ಲಿನ ಮ್ಯಾಲ ಬಿದ್ದು ಕರದೆ, ಕೈ ಅಷ್ಟ ಮುರೀತು,” ಅಂದಳು ಪಂಪಮ್ಮ. “ಆ ಮಷಿನಿನ ಕೆಳಗ ಬಿದ್ದು ಕರದಾಕಿ ಏನಾಗಬೇಕು? ಮುಂಜಾನೆ ನನ್ನ ಅಲ್ಲಿಗೆ ಕರಕೊಂಡು ನಡಿ.”

ವಿರೂಪಾಕ್ಷಮ್ಮ ಬೇಡ ಎಂದಳು. ಇದ್ದ ಒಂದು ಕೆಲಸ ಹೋದರೆ ತಮ್ಮನ ಮನೆ ಹೇಗೆ ನಡೆಯಬೇಕು, ಮೆಲ್ಲಗೆ ಅವನಿಗೇ ಹೇಳಿ ಬಿಡಿಸೋಣ ಎಂದಳು. ಅತ್ತೆ ಕೇಳಲಿಲ್ಲ. ಸುರೇಖಾಳಿಗೂ ಬಾಯಿಂದ ಬೇಡ ಎಂಬ ಮಾತು ಬರಲಿಲ್ಲ. ಬದುವಿನ ಮೇಲಿನ ಆ ಹೆಂಗಸಿನ ಕಾಲುಗಳು ಕಣ್ಣ ಮುಂದೆಯೇ ಇದ್ದವು.

ಮರುದಿನ ಕ್ಯಾಂಪಿನಲ್ಲಿ ಆಳುಗಳು ಉಪ್ಪಿಟ್ಟು ತಿನ್ನುವ ಹೊತ್ತಿಗೆ ಅವರು ಆಟೋದಿಂದ ಇಳಿದರು. ಸೈಟ್ ನೋಡಿಕೊಳ್ಳುವ ಗೋವಿಂದರಾಜ ತಗಡಿನ ಕೋಣೆಯ ಮುಂದೆ ಚಹಾ ಕುಡಿಯುತ್ತ ನಿಂತಿದ್ದ. ಗುರುಬಸವ ದೂರದಲ್ಲಿ ಯಂತ್ರಕ್ಕೆ ಗ್ರೀಸು ಹಚ್ಚುತ್ತಿದ್ದ. ತಾಯಿಯನ್ನು ಕಂಡು ಎದ್ದು ನಿಂತ. ಸಿಟ್ಟು ಇಳಿದು ತನ್ನನ್ನು ನೋಡಲು ಬಂದಳು ಅಂದುಕೊಂಡನೋ ಏನೋ, ಕೈ ಒರೆಸಿಕೊಳ್ಳುತ್ತ ನಗುತ್ತ ಬರತೊಡಗಿದ. ಪಂಪಮ್ಮ ಅವನ ಕಡೆ ಹೋಗಲಿಲ್ಲ. ಪಟ್ಟಿ ಕಟ್ಟಿದ ಕೈ ಎದೆಗೆ ಹಿಡಿದುಕೊಂಡು ಗೋವಿಂದರಾಜನ ಮುಂದೆ ನಿಂತಳು.

“ನನ್ನ ಮಗಗ ಕಿವಿ ಕೇಳಂಗಿಲ್ಲರಿ, ಸಾಹೇಬ್ರ. ಭಾಳ ದಿನದಿಂದ ಕೇಳಂಗಿಲ್ಲ. ಅವನ್ನ ಕೆಳಗ ಇಳಸ್ರಿ.”

ದೂರದಿಂದಲೇ ಗುರುಬಸವ ತಾಯಿಯ ತುಟಿ ನೋಡಿದ. ನಡೆಯುತ್ತಿದ್ದವನು ನಿಂತುಬಿಟ್ಟ. ಸುರೇಖಾ ಆ ಮುಖವನ್ನು ಮುಂದೆ ಎಷ್ಟೋ ದಿನ ಮರೆಯಲಿಲ್ಲ.

ಗೋವಿಂದರಾಜ ಚಹಾದ ಕಪ್ಪು ಕೆಳಗಿಟ್ಟ. ಮೊದಲು ನಂಬದೆ ಮರ್ದಾನಸಾಬನನ್ನು ಕರೆದ. ಮರ್ದಾನಸಾಬ ನೆಲ ನೋಡುತ್ತ ಹೌದು ಎಂದ. ಉಪ್ಪಿಟ್ಟಿನ ಪ್ಲೇಟು ಹಿಡಿದ ಆಳುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದಿನ ಆ ಯಂತ್ರದ ಮುಂದೆ ಹಿಂದೆ ತಾವೆಲ್ಲ ಓಡಾಡಿದ್ದು ಅವರಿಗೆ ಆಗ ಹೊಳೆದಿರಬೇಕು. ಗೋವಿಂದರಾಜ ಸಿಟ್ಟಿಗಿಂತ ಹೆಚ್ಚು ಹೆದರಿದ್ದ. ಮೇಲಿನವರಿಗೆ ಗೊತ್ತಾದರೆ ತನ್ನ ಕೆಲಸವೂ ಹೋಗುತ್ತದೆ ಎಂದ. ಗುರುಬಸವನಿಂದ ಯಂತ್ರದ ಬೀಗದಕೈ ಇಸಿದುಕೊಂಡು, ನಾನು ಹೇಳುವ ತನಕ ಮನೆಯಲ್ಲಿರು ಎಂದ.

ಪಂಪಮ್ಮ ಮರಳಿಗೆ ಹೋಗದೆ ಮಗ ಸೊಸೆಯ ಜೊತೆ ಕುಷ್ಟಗಿಗೇ ಹೊರಟಳು. ಬಸ್ಸಿನಲ್ಲಿ ಗುರುಬಸವ ಒಬ್ಬನೇ ಹಿಂದಿನ ಸೀಟಿನಲ್ಲಿ ಕೂತ. ಮನೆ ಮುಟ್ಟಿದ ಮೇಲೆ ತಾಯಿಗೆ ಒಂದೇ ಮಾತು ಹೇಳಿದ: “ನನ್ನ ಅನ್ನ ನೀನ ಕಿತ್ಕೊಂಡಿ.” ಆಮೇಲೆ ಅವಳ ಮುಖ ನೋಡುವುದನ್ನೇ ಬಿಟ್ಟ. ಮುಖ ನೋಡದಿದ್ದರೆ ಅವನ ಮಟ್ಟಿಗೆ ಅವಳು ಮಾತೇ ಆಡಿದಂತಿರಲಿಲ್ಲ. ಪಂಪಮ್ಮ ಎಡಗೈಯಲ್ಲಿ ಬಡಿಸಲು ಬಂದರೆ ತಟ್ಟೆಯಲ್ಲಿ ಕಣ್ಣು ನೆಟ್ಟು ಉಂಡು ಏಳುತ್ತಿದ್ದ.

ಅಂಜಲಿಗೆ ವಿಷಯ ತಿಳಿದಾಗ ಅವಳು ಮೊದಲು ಕೇಳಿದ್ದು, ತಾನು ಅವತ್ತು ಪಾತ್ರೆ ಒರೆಸುತ್ತ ಅಂದದ್ದು ಅಪ್ಪನಿಗೆ ಕೇಳಿಲ್ಲ ಅಲ್ಲವೇ ಎಂದು. ಕೇಳಿಲ್ಲ ಎಂದಳು ಸುರೇಖಾ. ಹುಡುಗಿ ಅದರಿಂದ ಹಗುರಾಗಲಿಲ್ಲ. ಎರಡು ದಿನ ನೆಟ್ಟಗೆ ಉಣ್ಣಲಿಲ್ಲ. ಮೂರನೆಯ ದಿನ ಅಪ್ಪನ ಮುಂದೆ ಕೂತು, ಆ ಮಾತನ್ನೇ ಮುಖಕ್ಕೆ ಮುಖ ಕೊಟ್ಟು ಹೇಳಿ, ತಪ್ಪಾಯಿತು ಎಂದಳು. ಗುರುಬಸವ ದಂಗಾಗಿ ಮಗಳನ್ನು ನೋಡಿದ. ಆಮೇಲೆ, ಕೇಳಿಸದೇ ಹೋದದ್ದೇ ಒಳ್ಳೆಯದಾಗಿತ್ತು, ನೀ ಯಾಕ ಮತ್ತ ಹೇಳಿದಿ ಎಂದು ಅವಳ ತಲೆ ಸವರಿದ.

ಸುರೇಖಾ ಓಣಿಯ ಹೆಂಗಸರ ಜೊತೆ ಶೇಂಗಾ ಸುಲಿಯುವ ಕೂಲಿಗೆ ಹೋಗತೊಡಗಿದಳು. ಮನೆಯಲ್ಲಿ ಹಾಲು ಕಡಿಮೆಯಾಯಿತು, ಪಲ್ಯದ ಬದಲು ಬರೀ ಚಟ್ನಿಯಾಯಿತು. ಬಂದುಹೋಗುವವರಿಗೆ ಗಂಡ ರಜೆಯಲ್ಲಿದ್ದಾರೆ ಎನ್ನುತ್ತಿದ್ದಳು. ಅವನು ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಇರುತ್ತಿದ್ದ.

ಅತ್ತೆಯ ಕೈಪಟ್ಟಿ ಬಿಚ್ಚಿಸಲು ಕೊಪ್ಪಳಕ್ಕೆ ಹೋಗುವ ದಿನ ಸುರೇಖಾ ಹಟ ಹಿಡಿದು ಗಂಡನನ್ನೂ ಹೊರಡಿಸಿದಳು. ಕಿವಿಯ ಡಾಕ್ಟರು ವಯಸ್ಸಿನಲ್ಲಿ ಸಣ್ಣ ಹೆಣ್ಣುಮಗಳು. ಅವನನ್ನು ಗೋಡೆಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂರಿಸಿ ಹಿಂದೆ ನಿಂತು ಹೆಸರು ಕರೆದಳು. ಚಪ್ಪಾಳೆ ತಟ್ಟಿದಳು. ಇನ್ನೂ ಗಟ್ಟಿಯಾಗಿ ಕರೆದಳು. ಗುರುಬಸವ ಅಲುಗಾಡದೆ ಕೂತಿದ್ದ. ಬಾಗಿಲ ಬಳಿ ನಿಂತಿದ್ದ ಪಂಪಮ್ಮ ಸೊಸೆಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಇದ ಬೆನ್ನು,” ಅಂದಳು ಉಸಿರಿನಲ್ಲಿ. “ಅವತ್ತೂ ಹಿಂಗ ಕುಂತಿದ್ದ.”

ಒಳಗಿನ ನರಗಳು ಸತ್ತಿವೆ, ಯಂತ್ರದ ಸದ್ದಿನಲ್ಲಿ ಕಿವಿ ಮುಚ್ಚಿಕೊಳ್ಳದೆ ವರ್ಷಗಟ್ಟಲೆ ನಿಂತದ್ದರಿಂದ ಹೀಗಾಗಿದೆ ಎಂದಳು ಡಾಕ್ಟರಮ್ಮ. ಕಿವಿಗೆ ಹಾಕುವ ಮಷಿನು ಕೊಟ್ಟರೆ ದೊಡ್ಡ ಸದ್ದು ಅಷ್ಟಿಷ್ಟು ತಿಳಿದೀತು, ಹೋದದ್ದು ತಿರುಗಿ ಬರುವುದಿಲ್ಲ ಎಂದಳು.

ಬಸ್ ನಿಲ್ದಾಣದಲ್ಲಿ ಕುಷ್ಟಗಿ ಬಸ್ಸಿಗೆ ಕಾಯುತ್ತ ಮೂವರೂ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಗುರುಬಸವ ತಾನಾಗಿಯೇ ತಾಯಿಯ ಕಡೆ ತಿರುಗಿದ.

“ಅವತ್ತು ಏನಂತ ಕರದಿ?”

ಪಂಪಮ್ಮ ಬಾಡಿದ ಬಲಗೈಯಿಂದ ಅವನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ಮಾಡಿಕೊಂಡಳು. “ಮೊದಲು ಗುರುಬಸೂ ಅಂದೆ. ಆಮ್ಯಾಲ ಯಪ್ಪಾ ಅಂದೆ. ಕಡೀಕ ಸಿಟ್ಟು ಬಂತು, ಬೈದೆ.”

“ಏನಂತ ಬೈದಿ?”

ಮುದುಕಿ ಹೇಳಲು ಒಲ್ಲದೆ ತುಟಿ ಬಿಗಿಹಿಡಿದಳು. ಅವನು ಅವಳ ಬಾಯನ್ನೇ ನೋಡುತ್ತ ಕಾದ.

“ಕೆಪ್ಪಾಗಿಯೇನೋ, ಅಂದೆ.”

ಗುರುಬಸವ ತಾಯಿಯ ಕೈಯನ್ನು ಗದ್ದದಿಂದ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡ. “ಹೂಂ, ಆಗೀನವ್ವಾ,” ಅಂದ. ಬಸ್ಸು ಬರುವ ತನಕ ಆ ಕೈ ಬಿಡಲಿಲ್ಲ.

ಮಳೆಗಾಲ ಹತ್ತಿರ ಬಂದಾಗ ಮರ್ದಾನಸಾಬ ಮನೆಗೆ ಬಂದ. ಅವನನ್ನೂ ಸೈಟಿನಿಂದ ತೆಗೆದು, ಕುಷ್ಟಗಿಯ ಹೊರಗೆ ಕಂಪನಿಯ ಯಂತ್ರಗಳನ್ನು ರಿಪೇರಿ ಮಾಡುವ ಯಾರ್ಡಿಗೆ ಹಾಕಿದ್ದರು. ಅಲ್ಲಿ ಆಳು ಬೇಕು, ಗೋವಿಂದರಾಜನ ಕೈಕಾಲು ಹಿಡಿದು ಒಪ್ಪಿಸಿದ್ದೇನೆ, ಪಗಾರ ಮೊದಲಿನಷ್ಟಿಲ್ಲ, ಆದರೆ ನಿಂತ ಮಷಿನಿನ ಕೆಲಸ ಎಂದ. ಗುರುಬಸವ ಒಂದು ದಿನ ಬೇಡ ಎಂದ, ಮರುದಿನ ಹೊರಟ.

ಮೊದಲ ದಿನವೇ ಬುತ್ತಿ ಮರೆತು ಹೋಗಿದ್ದ. ಸುರೇಖಾ ತೆಗೆದುಕೊಂಡು ಯಾರ್ಡಿಗೆ ಹೋದಳು. ರೋಲರು, ಡಾಂಬರು ಹಾಸುವ ಪೇವರು, ಗಾಲಿ ಬಿಚ್ಚಿದ ಟಿಪ್ಪರುಗಳ ನಡುವೆ ಅದೇ ಮಿಲ್ಲಿಂಗ್ ಮಷಿನು ಹೊಟ್ಟೆ ಎತ್ತಿಕೊಂಡು ನಿಂತಿತ್ತು. ಉರುಳೆಯ ಸವೆದ ಹಲ್ಲುಗಳನ್ನು ಬಡಿದು ತೆಗೆದು ಹೊಸವನ್ನು ಕೂರಿಸಬೇಕಿತ್ತು. ಅದಕ್ಕೆ ಆಳು ಯಂತ್ರದ ಅಡಿಗೆ ಇಳಿಯಬೇಕು. ಮೇಲೆ ಗುರುಬಸವನ ಜಾಗದಲ್ಲಿ ಸುಭಾಷ್ ಎಂಬ ಹೊಸ ಆಪರೇಟರ್ ನಿಂತಿದ್ದ. ಸುತ್ತ ನಾಲ್ಕಾರು ಮೆಕ್ಯಾನಿಕ್ಕುಗಳಿದ್ದರು.

ಗುರುಬಸವ ಸುತ್ತಿಗೆ ಹಿಡಿದು ಅಡಿಗೆ ಇಳಿಯಲು ಬಗ್ಗಿದವನು ಮತ್ತೆ ನೆಟ್ಟಗಾದ. ಮೆಟ್ಟಿಲು ಹತ್ತಿ ಸುಭಾಷನ ಮುಂದೆ ಕೈ ಚಾಚಿದ.

“ಚಾವಿ ಕೊಡ್ರಿ,” ಅಂದ. “ನನಗ ಕಿವಿ ಕೇಳಂಗಿಲ್ಲ. ನೀವು ಮ್ಯಾಲಿಂದ ಒದರಿದ್ರೂ ನನಗ ತಿಳಿಯಂಗಿಲ್ಲ. ನಾ ಕೆಳಗ ಇರೋ ಮಟ ಚಾವಿ ನನ್ನ ಕಿಸೆದಾಗ ಇರ್ಲಿ.”

ಅವನಿಗೆ ತನ್ನ ದನಿಯ ಅಳತೆ ಗೊತ್ತಿರಲಿಲ್ಲ. ಯಾರ್ಡಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಅಂದಿದ್ದ. ಕೆಲಸ ಮಾಡುತ್ತಿದ್ದವರು ತಲೆ ಎತ್ತಿದರು. ಸುರೇಖಾ ಬುತ್ತಿ ಹಿಡಿದು ಗೇಟಿನಲ್ಲೇ ನಿಂತಳು. ಯಾರಾದರೂ ನಕ್ಕಾರೇ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು.

ಸುಭಾಷ್ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ಚಾವಿ ತೆಗೆದು ಅವನ ಅಂಗೈಯಲ್ಲಿಟ್ಟ. ಗುರುಬಸವ ಇಳಿದು ಯಂತ್ರದ ಅಡಿಗೆ ಹೋದ. ಸುಭಾಷನೂ ಇಳಿದು, ಸುತ್ತು ಹಾಕಿ, ಅವನ ಎದುರಿಗೆ ಬರುವಂತೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ನಟ್ಟು ಬಿಚ್ಚುವ ಪಾನಾಗಳನ್ನು ಮುಂದೆ ಹರಡಿಕೊಂಡು, ಬಾಯನ್ನು ಅಗಲ ತೆರೆದು, ಒಂದೊಂದು ಅಕ್ಷರ ಬಿಡಿಸಿ ಕೇಳಿದ:

“ಅಣ್ಣಾರ, ಯಾವ ಪಾನಾ ಕೊಡ್ಲಿ?”

“ದೊಡ್ಡದು ಕೊಡು,” ಅಂದ ಗುರುಬಸವ. “ಮತ್ತ ಅಷ್ಟು ಬಾಯಿ ತೆರೀಬ್ಯಾಡ ತಮ್ಮಾ. ನಿನ್ನ ಹಲ್ಲು ಎಣಸಾಕ ಬರ್ತಾವು.”

ಸುತ್ತ ನಿಂತವರು ನಕ್ಕರು. ಅವರು ನಕ್ಕದ್ದನ್ನು ನೋಡಿ ಅವನೂ ನಕ್ಕ. ಆಮೇಲೆ ಸುತ್ತಿಗೆಯ ಪೆಟ್ಟು ಬೀಳತೊಡಗಿತು. ಸುರೇಖಾ ಬುತ್ತಿಯನ್ನು ಅವನ ಕಣ್ಣಿಗೆ ಬೀಳುವ ಕಡೆ ಇಟ್ಟು, ಕೂಲಿಗೆ ಹೊತ್ತಾಯಿತೆಂದು ಬಿರಬಿರನೆ ಹೊರಟಳು.